ಅರ್ಧ ಗೋಡೆಯೂ ಮಾರಾಟಕ್ಕಿದೆ

ಮಧುಗಿರಿ ತಾಲ್ಲೂಕಿನ ಆರು ಹೋಬಳಿಗಳಲ್ಲಿ ಪುರವರವೂ ಒಂದು. ಈ ಸೀಮೆಯ ಹಳೆಯ ಊರುಗಳ ಒಳಕೇರಿಗೆ ಹೊಕ್ಕರೆ ಬೀದಿಯ ಒಂದು ಮಗ್ಗುಲಿಗೆಲ್ಲ ಒಂದೇ ಮನೆ ಇದ್ದಂತೆ ಕಾಣುತ್ತದೆ. ಬಾಗಿಲು ಎಣಿಸಿದಾಗಲೇ ಐದೋ ಆರೋ ಸಂಸಾರ ಎಂದು ತಿಳಿಯುವುದು. ಇಬ್ಬರಿಗೊಂದು ಗೋಡೆ, ಮೇಲೆ ಉದ್ದಕ್ಕೂ ಮಾಳಿಗೆ. ಮಕ್ಕಳು ತುಮಕೂರು, ಬೆಂಗಳೂರು ಸೇರಿದ ಮೇಲೆ ಇಂಥ ಮನೆಗಳಿಗೆ ಬೀಗ ಬೀಳುತ್ತಿದೆ. ಕೆಲವು ಮಾರಾಟಕ್ಕೂ ಬರುತ್ತಿವೆ.

ಮಾಳಿಗೆ ಮನೆ ಈ ನೆಲದ ಮಳೆ ನೋಡಿಕೊಂಡು ಕಟ್ಟಿದ್ದು. ಶಿರಾ, ಪಾವಗಡದ ಕಡೆ ವರ್ಷಕ್ಕೆ ಬೀಳುವುದು 500–600 ಮಿ.ಮೀ. ಆಸುಪಾಸು. ಮಲೆನಾಡಿನ ಇಳಿಜಾರು ಹೆಂಚು ಇಲ್ಲಿ ಬೇಕಿರಲಿಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಚಕ್ಕೆ, ಸೊಪ್ಪು, ಮಣ್ಣು. ಕೊನೆಗೆ ನೀರು ಇಳಿಯಗೊಡದ ಚೌಳು ಮಣ್ಣಿನ ಪದರ. ಮಳೆಗಾಲಕ್ಕೆ ಮುಂಚೆ ಹೊಸ ಚೌಳು ಹಾಕಬೇಕು, ತಪ್ಪಿಸಿದರೆ ಸೋರುತ್ತದೆ. ಬಂಡೆ ಹತ್ತಿರವಿರುವ ಮಧುಗಿರಿ, ಕೊರಟಗೆರೆಯ ಊರುಗಳಲ್ಲಿ ಕಲ್ಲು ಚಪ್ಪಡಿಯ ಸೂರೂ ಉಂಟು. ಬೆಳಕಿಗೆ ಗವಾಕ್ಷಿ, ಹರಟೆಗೆ ಜಗಲಿ, ಹುಣಸೆಹಣ್ಣು ಒಣಗಿಸಲು, ಬೇಸಿಗೆಯಲ್ಲಿ ಮಲಗಲು ಮಾಳಿಗೆ.

ಹಳಬರು ಇಂಥ ಮನೆಯನ್ನು ಚದರಡಿಯಲ್ಲಿ ಹೇಳುವುದಿಲ್ಲ. ಕಂಬಗಳ ನಡುವಿನ ಜಾಗವನ್ನು ಅಂಕಣವೆಂದು ಎಣಿಸಿ ಮೂರಂಕಣ, ಐದಂಕಣ ಎನ್ನುತ್ತಾರೆ.

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಅರ್ಬ್ರೋತ್‌ನಂಥ ಪಟ್ಟಣಗಳಲ್ಲೂ ಗೋಡೆಗೆ ಗೋಡೆ ಕೂಡಿದ ಸಾಲುಮನೆಗಳಿವೆ. ಅಲ್ಲಿ 2008ರ ಡಿಸೆಂಬರ್ 1ರಿಂದ ಮನೆ ಮಾರುವವರೇ ‘ಹೋಮ್ ರಿಪೋರ್ಟ್’ ಸಿದ್ಧಪಡಿಸಿಡಬೇಕು. ಕಟ್ಟಡದ ಸ್ಥಿತಿ, ಸರ್ವೇಯರ್ ಕಟ್ಟಿದ ಬೆಲೆ, ಇಂಧನ ಬಳಕೆ ಎಲ್ಲವೂ ಅದರಲ್ಲಿರುತ್ತವೆ. ನಮ್ಮಲ್ಲಿ ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡುವ ಕೆಲಸ ಕೊಳ್ಳುವವರದೇ.

ಕಾಗದಪತ್ರವೂ ಅಷ್ಟೆ. ಪಂಚಾಯ್ತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು, ಋಣಭಾರ ಪತ್ರ ತೆಗೆಸಬೇಕು. ಶೇ 5 ಮುದ್ರಾಂಕ ಶುಲ್ಕ, ಸೆಸ್ಸು, ಜತೆಗೆ ನೋಂದಣಿ ಶುಲ್ಕ. ಇದು 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಪಿತ್ರಾರ್ಜಿತ ಮನೆಯಾದರೆ ಅಣ್ಣತಮ್ಮಂದಿರ ಸಹಿ ಮಾತ್ರ ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ.

ಇಷ್ಟೆಲ್ಲ ಸರಿಯಿದ್ದರೂ ಉಳಿಯುವ ತಕರಾರು ಗೋಡೆಯದು. ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಇಂಥವರ ಮನೆ’ ಎಂದಷ್ಟೇ ಬರೆದಿದ್ದರೆ ನಡುವಿನ ಗೋಡೆ ಯಾರದು? ಹೊಸಬರು ಆರ್‌ಸಿಸಿ ಹಾಕಿಸಲು ಅದನ್ನು ಕೆಡವಿದರೆ ಪಕ್ಕದ ಮನೆಯ ಜಂತೆ ಕೂರಲು ಆಸರೆಯೇ ಇರುವುದಿಲ್ಲ. ಗ್ರಾಮಠಾಣಾ ಆಸ್ತಿಗಳನ್ನು ಡ್ರೋನ್‌ನಿಂದ ಅಳೆಯುವ ಸ್ವಾಮಿತ್ವ ಯೋಜನೆ 2020ರಲ್ಲಿ ಶುರುವಾಗಿದೆ. ಆದರೆ ಆಕಾಶದಿಂದ ಮಾಳಿಗೆ ಕಾಣುತ್ತದೆಯೇ ಹೊರತು ಅದರಡಿಯ ಗೋಡೆಯ ಹಕ್ಕು ಕಾಣುವುದಿಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲು ಎರಡೂ ಪಕ್ಕದ ಮನೆಯವರನ್ನು ಕೂರಿಸಿಕೊಂಡು ಗೋಡೆ ಅಳೆಸಿ. ಅದು ಕೂಡುಗೋಡೆಯೋ ಸ್ವಂತದ್ದೋ ಎಂಬುದನ್ನು ಕ್ರಯಪತ್ರದಲ್ಲೇ ಬರೆಸಿ.