ಶುದ್ಧ ನೀರು: ದಯೆಯೋ, ಹಕ್ಕೋ?

ಇಂಡಿ ತಾಲ್ಲೂಕಿನ ಹಳ್ಳಿಯೊಂದರ ತಾಯಿ ಭಾನುವಾರದ ಬಲಿಪೂಜೆಯ ನಂತರ ತನ್ನ ಮಗಳನ್ನು ನಮ್ಮ ಮುಂದೆ ನಿಲ್ಲಿಸಿ ಬಾಯಿ ತೆರೆಯಿಸಿದಳು. ಹತ್ತು ವರ್ಷದ ಹುಡುಗಿಯ ಹಲ್ಲುಗಳ ಮೇಲೆಲ್ಲ ಕಂದು ಕಲೆಗಳು. ಉಜ್ಜಿದರೆ ಹೋಗುವ ಕೊಳೆಯಲ್ಲ ಅದು; ಕೊಳವೆಬಾವಿಯ ನೀರಿನ ಫ್ಲೋರೈಡು ಹಲ್ಲು ಬೆಳೆಯುವ ವಯಸ್ಸಿನಲ್ಲೇ ಇಟ್ಟುಹೋದ ಗುರುತೆಂದು ದಂತವೈದ್ಯರು ಹೇಳಿದ್ದರಂತೆ. “ಕಾಸಿ ಆರಿಸಿ ಕುಡಿಸ್ತೀನ್ರಿ ಫಾದರ್, ಆದರೂ ಹಿಂಗ ಆಗೇತ್ರಿ” ಎಂದಳು. ಕಾಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲವೆಂದು ನಾವು ವಿವರಿಸಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಚಲೋ ನೀರು ಕೇಳೂದು ನಮ್ಮ ಹಕ್ಕೇನ್ರಿ, ಇಲ್ಲಾ ಅವರು ಕೊಟ್ಟಾಗ ಕೈ ಒಡ್ಡೂದಷ್ಟೇ ಏನ್ರಿ?”

ಗುರುಮಠದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ ಓದಿದ ನಾವು ಇಷ್ಟು ನೇರವಾದ ಪ್ರಶ್ನೆಯನ್ನು ಪರೀಕ್ಷೆಯಲ್ಲಿಯೂ ಎದುರಿಸಿರಲಿಲ್ಲ. ಪ್ರತಿಯೊಬ್ಬನಿಗೂ ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ದೃಢಸಂಕಲ್ಪವೇ ನ್ಯಾಯವೆಂದು ಸಂತ ಥೋಮಸ್ ಅಕ್ವಿನಾಸರು ಬೋಧಿಸಿದರು. ಸಲ್ಲಬೇಕಾದುದು ಯಾವುದೆಂದು ಎಲ್ಲಿ ಬರೆದಿದೆ ಎಂಬುದು ಈ ತಾಯಿಯ ಪ್ರಶ್ನೆ.

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ ಹರಿಯುವ ಜಿಲ್ಲೆ ನಮ್ಮದು. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ 1964ರಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟು ಇಂದು ಸಮುದ್ರದಂತೆ ನೀರು ತುಂಬಿಕೊಂಡು ನಿಂತಿದೆ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳದ ಎಷ್ಟೋ ಊರುಗಳಿಗೆ ಕೊಳವೆಬಾವಿಯೇ ಗತಿ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಈಗ ಸಂವಿಧಾನದತ್ತ ನೋಡೋಣ. 1976ರ 42ನೇ ತಿದ್ದುಪಡಿ ಎರಡು ಮಾತುಗಳನ್ನು ಸೇರಿಸಿತು: ಪರಿಸರವನ್ನು ರಕ್ಷಿಸಲು ರಾಜ್ಯವು ಶ್ರಮಿಸಬೇಕೆಂದು 48ಎ ವಿಧಿ, ಪ್ರಜೆಯೂ ಅದನ್ನು ಕಾಪಾಡಬೇಕೆಂದು 51ಎ ವಿಧಿ. ಮೊದಲನೆಯದು ನಿರ್ದೇಶಕ ತತ್ತ್ವ. ಅಂಥವನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸುವಂತಿಲ್ಲವೆಂದು 37ನೇ ವಿಧಿಯೇ ಹೇಳುತ್ತದೆ. ಎರಡನೆಯದು ಕರ್ತವ್ಯ. ಪರಿಸರ ನಮ್ಮ ಹಕ್ಕು ಎಂಬ ಪದ ಮಾತ್ರ ಎಲ್ಲಿಯೂ ಇಲ್ಲ. ಪ್ರಜೆಗೆ ಕರ್ತವ್ಯವನ್ನು ಕೊಟ್ಟು ಹಕ್ಕನ್ನು ಕೊಡದಿರುವುದು ವಿಚಿತ್ರವಾದ ಲೆಕ್ಕವೇ ಸರಿ.

ಈ ಕೊರತೆಯನ್ನು ತುಂಬಿದವರು ನ್ಯಾಯಾಧೀಶರು. ಮಾಲಿನ್ಯರಹಿತ ನೀರು ಮತ್ತು ಗಾಳಿ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರಿವೆಯೆಂದು 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. (ಅರ್ಜಿದಾರನ ಉದ್ದೇಶ ಸಾರ್ವಜನಿಕ ಹಿತವಲ್ಲವೆಂದು ಆ ಅರ್ಜಿಯನ್ನೇ ವಜಾ ಮಾಡಿತೆಂಬುದು ಬೇರೆ ಮಾತು, ಅರ್ಜಿ ಹೋಯಿತು, ಮಾತು ಉಳಿಯಿತು.) 2024ರ ಮಾರ್ಚಿಯಲ್ಲಿ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದೂ ಹಕ್ಕೆಂದು ಅದೇ ನ್ಯಾಯಾಲಯ ಸಾರಿತು.

ಹಾಗಿದ್ದ ಮೇಲೆ ಬರೆದಿಡುವ ಹಂಬಲವೇಕೆ ಎಂದು ವಕೀಲ ಮಿತ್ರರೊಬ್ಬರು ನಮ್ಮನ್ನು ಕೇಳಿದ್ದುಂಟು. ಅವರಿಗೆ ನಾವು ಕೊಡುವ ಉತ್ತರ ಶಿಕ್ಷಣದ ಹಕ್ಕಿನ ಕಥೆ. ಕರ್ನಾಟಕದ ವೈದ್ಯಕೀಯ ಕಾಲೇಜಿನ ಶುಲ್ಕದ ಬಗ್ಗೆ ಎದ್ದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿಯೂ, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿಯೂ ಶಿಕ್ಷಣವು ಹಕ್ಕೆಂದು ಸುಪ್ರೀಂ ಕೋರ್ಟ್ ಹೇಳಿತು. ಆ ಮಾತು ತೀರ್ಪಿನ ಪುಟಗಳಲ್ಲೇ ಉಳಿದಿದ್ದರೆ ಹಳ್ಳಿಯ ತಂದೆತಾಯಿಗಳಿಗೆ ಅದರ ಸುಳಿವೂ ಸಿಗುತ್ತಿರಲಿಲ್ಲ. 2002ರ 86ನೇ ತಿದ್ದುಪಡಿಯಿಂದ 21ಎ ವಿಧಿ ಬಂತು, 2009ರಲ್ಲಿ ಕಾಯಿದೆಯಾಯಿತು, 2010ರ ಏಪ್ರಿಲ್‌ನಿಂದ ಜಾರಿಗೂ ಬಂತು. ಕಾಯಿದೆ ಸರ್ವರೋಗಕ್ಕೂ ಮದ್ದಾಯಿತೆಂದು ನಾವು ಹೇಳುತ್ತಿಲ್ಲ. ಆದರೆ ಕೇಳುವವನ ಕೈಗೆ ಒಂದು ಪುಟ ಸಿಕ್ಕಿತು.

ಅದೇ 2002ರಲ್ಲಿ ಕನ್ನಡಿಗರಾದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗವು, ಸುರಕ್ಷಿತ ಕುಡಿಯುವ ನೀರು ಮತ್ತು ಆರೋಗ್ಯಕ್ಕೆ ಹಾನಿ ಮಾಡದ ಪರಿಸರವನ್ನು ಮೂಲಭೂತ ಹಕ್ಕಾಗಿಸುವ 30ಡಿ ಎಂಬ ಹೊಸ ವಿಧಿಯನ್ನು ಶಿಫಾರಸು ಮಾಡಿತು. ಶಾಲೆಯ ಹಕ್ಕು ಬಂತು. ನೀರಿನದು ವರದಿಯಲ್ಲೇ ಉಳಿಯಿತು. 2022ರ ಜುಲೈನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆರೋಗ್ಯಕರ ಪರಿಸರವನ್ನು ಮಾನವ ಹಕ್ಕೆಂದು ಅಂಗೀಕರಿಸಿದಾಗ ಪರವಾಗಿ ಬಿದ್ದ ಮತಗಳು 161. ವಿರೋಧ ಒಂದೂ ಇರಲಿಲ್ಲ. ಅದು ಯಾವ ಸರ್ಕಾರವನ್ನೂ ಕಟ್ಟಿಹಾಕದ ನಿರ್ಣಯ.

ಬರೆದಿಡದ ಹಕ್ಕಿನ ಬೆಲೆ ಎಷ್ಟೆಂಬುದನ್ನು ಕೂಡಗಿಯ ರೈತರು ಬಲ್ಲರು. ಆಗ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆ ಊರಲ್ಲಿ ಉಷ್ಣವಿದ್ಯುತ್ ಸ್ಥಾವರ ಬಂದಾಗ, ಫಲವತ್ತಾದ ಭೂಮಿಯನ್ನು ಬಂಜರೆಂದು ಕಾಗದದಲ್ಲಿ ತೋರಿಸಲಾಗಿದೆಯೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು; ಪರಿಸರ ಅನುಮತಿಯನ್ನು ಮರಳಿ ಪರಿಶೀಲಿಸುವಂತೆ 2014ರ ಮಾರ್ಚಿಯಲ್ಲಿ ಮಂಡಳಿ ಆದೇಶಿಸಿತು. ಅದೇ ಜುಲೈನಲ್ಲಿ ಪ್ರತಿಭಟನೆಯ ವೇಳೆ ಪೊಲೀಸರು ಗುಂಡು ಹಾರಿಸಿ ರೈತರು ಗಾಯಗೊಂಡರು. ಸ್ಥಾವರ ನಿಂತಿತು, 800 ಮೆಗಾವಾಟಿನ ಮೂರು ಘಟಕಗಳು ವಿದ್ಯುತ್ ಕೊಡುತ್ತಿವೆ, ನೀರು ಆಲಮಟ್ಟಿಯದು. ವಿದ್ಯುತ್ತು ಬೇಡವೆನ್ನಲು ನಮಗೆ ಬಾಯಿಲ್ಲ, ನಮ್ಮ ದೇವಾಲಯದ ದೀಪವೂ ಅದರಿಂದಲೇ ಉರಿಯುತ್ತದೆ. ಆದರೆ ಆ ನ್ಯಾಯಮಂಡಳಿ 2010ರ ಒಂದು ಸಾಮಾನ್ಯ ಕಾಯಿದೆಯ ಕೂಸು. ಸಾಮಾನ್ಯ ಕಾಯಿದೆ ಕೊಟ್ಟದ್ದನ್ನು ಇನ್ನೊಂದು ಸಾಮಾನ್ಯ ಕಾಯಿದೆ ಕಿತ್ತುಕೊಳ್ಳಬಹುದು. ಮೂಲಭೂತ ಹಕ್ಕನ್ನು ಅಷ್ಟು ಸುಲಭವಾಗಿ ಕಿತ್ತುಕೊಳ್ಳಲಾಗದು.

ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸೀ’ ವಿಶ್ವಪತ್ರದಲ್ಲಿ ಶುದ್ಧ ಕುಡಿಯುವ ನೀರನ್ನು ಮೂಲಭೂತ ಮಾನವ ಹಕ್ಕೆಂದೇ ಕರೆದರು. ಅದನ್ನು ನಮ್ಮ ಮನೆಗಳಲ್ಲಿ ಓದಿದವರು ಎಷ್ಟು ಮಂದಿಯೋ!

ತಿದ್ದುಪಡಿಗೆ ಸಂಸತ್ತಿನ ಎರಡೂ ಸದನಗಳಲ್ಲಿ ಹಾಜರಿದ್ದು ಮತ ನೀಡುವವರ ಮೂರನೇ ಎರಡು ಭಾಗ ಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಒಂದೇ ಲೋಕಸಭಾ ಕ್ಷೇತ್ರದಲ್ಲಿವೆ. ಆದ್ದರಿಂದ ನಾಲ್ಕು ಕಡೆಯ ಪತ್ರಗಳೂ ಒಬ್ಬರ ಮೇಜಿಗೇ ಹೋಗುತ್ತವೆ. 30ಡಿ ವಿಧಿಯ ಶಿಫಾರಸನ್ನು ಸದನದಲ್ಲಿ ಎತ್ತಬೇಕೆಂದು ಪ್ರತಿ ಕುಟುಂಬವೂ ಒಂದು ಪತ್ರ ಬರೆಯಲಿ. ಗ್ರಾಮಸಭೆಯಲ್ಲಿ ನಿರ್ಣಯವಾಗುವಂತೆ ನೆರೆಯ ಎಲ್ಲ ಸಮಾಜದವರೊಡನೆ ಕುಳಿತು ಮಾತಾಡಲಿ. ಜೊತೆಗೆ ಊರಿನ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ಮೀರಿದ ಫ್ಲೋರೈಡು ಇದ್ದರೆ ಆ ನೀರು ಮಕ್ಕಳಿಗೆ ಸಲ್ಲದು. ವರದಿಯ ಪ್ರತಿಯನ್ನು ಪತ್ರಕ್ಕೆ ಲಗತ್ತಿಸಿ.

ಆ ತಾಯಿ ಹೋದ ವಾರ ಬಾಟಲಿಯೊಂದರಲ್ಲಿ ನೀರು ತುಂಬಿಸಿ ತಂದಿದ್ದಳು. ಪತ್ರವನ್ನು ಮಗಳ ಕೈಯಲ್ಲೇ ಬರೆಸಿದ್ದಾಳೆ. ನಾವು ಎರಡು ಕಾಗುಣಿತ ತಿದ್ದಿದೆವು, ಅಷ್ಟೇ.