ದಾರಿಯಿಲ್ಲದೆಡೆ ಹಳೆಯ ಜೀಪು

ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಹಳೆಯ ಜೀಪಿಗೆ ಇರುವ ಮರ್ಯಾದೆ ಮನೆಯ ಹಿರಿಯರಿಗಿರುವಂಥದು. ಗೊಬ್ಬರದ ಚೀಲ, ಕಾಫಿಯ ಮೂಟೆ, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ರೋಗಿ, ಎಲ್ಲರಿಗೂ ಅದೇ ವಾಹನ. ಆಷಾಢದ ಮಳೆ ಹಿಡಿಯಿತೆಂದರೆ ತೋಟದಿಂದ ಡಾಂಬರು ರಸ್ತೆಗೆ ಬರುವ ಮಣ್ಣುದಾರಿಯು ದಾರಿ ಎನಿಸಿಕೊಳ್ಳುವ ಯೋಗ್ಯತೆಯನ್ನೇ ಕಳೆದುಕೊಳ್ಳುತ್ತದೆ. ಅಲ್ಲಿಯ ನಮ್ಮ ಮಿತ್ರರೊಬ್ಬರು ಒಂದು ಮಳೆಗಾಲದಲ್ಲಿ ಜ್ವರದಿಂದ ನರಳುತ್ತಿದ್ದ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಹಿಂದಿನ ಎರಡೇ ಚಕ್ರಗಳಿಂದ ನಡೆಯುವ ಅವರ ಪಿಕಪ್ ವಾಹನವು ಏರಿನ ಕೆಸರಿನಲ್ಲಿ ಹೂತು, ಎರಡು ಗಂಟೆಯ ಕಾಲ ಮಳೆಯಲ್ಲಿ ನಿಲ್ಲಬೇಕಾಯಿತು. ಮಳೆಗಾಲ ಕಳೆದೊಡನೆ ಅವರು ಒಂದು ಹಳೆಯ ಜೀಪನ್ನು ಕೊಂಡು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಬಿಚ್ಚಿ ಹರಡಿದರು. "ಮೇಷ್ಟ್ರೇ, ದೊಡ್ಡ ಎಂಜಿನ್ನು ಕೂರಿಸಿ, ಮೈಯನ್ನು ಅರ್ಧ ಅಡಿ ಎತ್ತಿಸಿಬಿಟ್ಟರೆ ಸಾಕಲ್ಲವೆ?" ಎಂದು ನಮ್ಮನ್ನು ಕೇಳಿದರು. ಅವರಿಗೆ ನಾವು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲು ಎಂಜಿನ್ನಿನ ವಿಚಾರ. ಕೆಸರಿನಲ್ಲಿ ಹೂತ ವಾಹನದ ಚಕ್ರವು ಗಿರ್ರನೆ ತಿರುಗುತ್ತಿರುವುದನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ಎಂಜಿನ್ನಿಗೆ ಶಕ್ತಿಯ ಕೊರತೆಯಿಲ್ಲ; ನೆಲಕ್ಕೆ ಹಿಡಿತದ ಕೊರತೆಯಿದೆ. ಒಂದು ಟನ್ ತೂಗುವ ವಾಹನವು 15 ಡಿಗ್ರಿಯ ಏರನ್ನು ಹತ್ತಬೇಕಾದರೆ ಅದನ್ನು ಮೇಲಕ್ಕೆ ನೂಕಲು ಸುಮಾರು 260 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಆ ಹಸಿಮಣ್ಣಿನ ಘರ್ಷಣಾಂಕ 0.3 ಎಂದಿಟ್ಟುಕೊಳ್ಳೋಣ. ಎಂದರೆ, ಚಕ್ರದ ಮೇಲೆ ಬೀಳುವ ಭಾರದ ಹತ್ತರಲ್ಲಿ ಮೂರು ಪಾಲಿಗಿಂತ ಹೆಚ್ಚಿನ ಬಲವನ್ನು ಆ ನೆಲ ತಾಳಲಾರದು. ಹಿಂದಿನ ಎರಡು ಚಕ್ರಗಳ ಮೇಲೆ ಒಟ್ಟು ಭಾರದ ಮೂರರಲ್ಲಿ ಎರಡು ಪಾಲು ಬಿದ್ದರೂ ದೊರೆಯುವ ಬಲ ಸುಮಾರು 190 ಕಿಲೋಗ್ರಾಂ ಮಾತ್ರ. ವಾಹನ ಏರಲಾರದು. ನಾಲ್ಕು ಚಕ್ರಗಳೂ ದುಡಿದರೆ ಸುಮಾರು 290 ಕಿಲೋಗ್ರಾಂ ದೊರೆಯುತ್ತದೆ. ವಾಹನ ಏರುತ್ತದೆ. ಎಂಜಿನ್ನು ಎಷ್ಟೇ ದೊಡ್ಡದಾಗಿರಲಿ, ಈ ಲೆಕ್ಕದಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ರೂಪುಗೊಂಡ ವಿಲ್ಲಿಸ್ ಜೀಪು ಈ ತತ್ತ್ವದ ಮೇಲೆಯೇ ನಿಂತಿತ್ತು. ಅದೇ ವಂಶದ ವಾಹನಗಳನ್ನು 1940ರ ದಶಕದ ಕೊನೆಯಿಂದ ಮಹೀಂದ್ರ ಸಂಸ್ಥೆಯವರು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ನಮ್ಮ ಮಿತ್ರರ ಕೊಟ್ಟಿಗೆಗೆ ಬಂದದ್ದು ಅವುಗಳಲ್ಲೊಂದು, ಸಿಜೆ-3ಬಿ ಎಂಬ ಮಾದರಿ. ಇದರಲ್ಲಿ ಸಾಮಾನ್ಯ ಗೇರುಪೆಟ್ಟಿಗೆಯ ಬೆನ್ನಿಗೆ ಇನ್ನೊಂದು ಪೆಟ್ಟಿಗೆಯಿದೆ. ಮೊದಲನೆಯ ಗೇರಿನಲ್ಲಿ ಸುಮಾರು 2.8 ಪಟ್ಟು, ಎರಡನೆಯ ಪೆಟ್ಟಿಗೆಯ ಕೆಳಗೇರಿನಲ್ಲಿ 2.46 ಪಟ್ಟು, ಅಚ್ಚಿನ ಹಲ್ಲುಗಾಲಿಗಳಲ್ಲಿ 5.38 ಪಟ್ಟು, ಇವುಗಳನ್ನು ಗುಣಿಸಿದರೆ ಬರುವುದು 37. ಎಂಜಿನ್ನು 37 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ. ವೇಗ ಇಳಿದಷ್ಟೂ ತಿರುಗಿಸುವ ಬಲ ಏರುತ್ತದೆ. ಎಂಜಿನ್ನು ನಿಮಿಷಕ್ಕೆ 1200 ಸುತ್ತಿನಲ್ಲಿ ನಡೆಯುತ್ತಿರುವಾಗ ಈ ಜೀಪಿನ ವೇಗ ಗಂಟೆಗೆ ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು, ಮನುಷ್ಯನ ನಡಿಗೆಯಷ್ಟು. ಚಕ್ರವು ಜಾರದೆ ನೆಲವನ್ನು ಕಚ್ಚಿಕೊಂಡು ಹೋಗಲು ಈ ನಿಧಾನವೇ ಬೇಕು. ಇಷ್ಟು ಬಲವಿರುವಾಗ ದೊಡ್ಡ ಎಂಜಿನ್ನಿನ ಆಸೆ ಅನಾವಶ್ಯಕ.

ಇನ್ನು ಎತ್ತರದ ವಿಚಾರ. ಸ್ಪ್ರಿಂಗುಗಳನ್ನು ಎತ್ತರಿಸಿದರೆ ಏರುವುದು ವಾಹನದ ಮೈ ಮಾತ್ರ. ಎರಡು ಚಕ್ರಗಳ ನಡುವೆ ಗುಂಡಗೆ ಉಬ್ಬಿ ಕಲ್ಲಿಗೆ ಮೊದಲು ತಗಲುವ ಭಾಗವು ಅಚ್ಚಿನಲ್ಲಿದೆ. ಅದು ಇದ್ದಲ್ಲಿಯೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ದೊಡ್ಡ ಟೈರು ಒಂದೇ, ಅದೂ ಅರ್ಧದಷ್ಟು. 28 ಅಂಗುಲದ ಟೈರನ್ನು ತೆಗೆದು 32 ಅಂಗುಲದ್ದನ್ನು ಹಾಕಿದರೆ ಅಚ್ಚು ಏರುವುದು ಎರಡೇ ಅಂಗುಲ. ಅದಕ್ಕೆ ಪ್ರತಿಯಾಗಿ, ನೆಲವನ್ನು ನೂಕುವ ಬಲದಲ್ಲಿ ಎಂಟರಲ್ಲಿ ಒಂದು ಪಾಲು ನಷ್ಟವಾಗುತ್ತದೆ. ಬ್ರೇಕು ನಿಲ್ಲಿಸುವ ಬಲವೂ ಅಷ್ಟೇ ಕುಗ್ಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಜೀಪಿನ ಎಡಬಲ ಚಕ್ರಗಳ ನಡುವಣ ಅಂತರ ಸುಮಾರು 120 ಸೆಂಟಿಮೀಟರು. ಅದರ ಅರ್ಧ 60. ಗುರುತ್ವಕೇಂದ್ರವೂ ನೆಲದಿಂದ 60 ಸೆಂಟಿಮೀಟರು ಎತ್ತರದಲ್ಲಿದೆಯೆಂದು ಭಾವಿಸಿದರೆ, ವಾಹನವು 45 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಅದೇ ಕೇಂದ್ರವು 15 ಸೆಂಟಿಮೀಟರು ಮೇಲೇರಿತೆಂದರೆ ಈ ಮಿತಿ 39 ಡಿಗ್ರಿಗೆ ಇಳಿಯುತ್ತದೆ. ಇದು ನಿಂತ ವಾಹನದ ಲೆಕ್ಕ. ಚಲಿಸುವ ವಾಹನದಲ್ಲಿ ಸ್ಪ್ರಿಂಗು ಬಾಗುತ್ತದೆ, ಟೈರು ಅಮುಕುತ್ತದೆ, ತಿರುವಿನಲ್ಲಿ ಮೈ ಹೊರಕ್ಕೆ ಎಳೆಯುತ್ತದೆ. ಆದುದರಿಂದ ನಿಜವಾದ ಮಿತಿ ಇನ್ನೂ ಕಡಮೆ. ಮೇಲುಗಡೆ ಮೂಟೆ ಹೇರಿದರಂತೂ ಹೇಳಬೇಕಾಗಿಲ್ಲ. ಒಂದು ಕಡೆ ಧರೆ, ಇನ್ನೊಂದು ಕಡೆ ಕಂದಕವಿರುವ ತೋಟದ ದಾರಿಯಲ್ಲಿ ಆ ಆರು ಡಿಗ್ರಿಗಳ ಬೆಲೆ ಮನುಷ್ಯನ ಪ್ರಾಣ.

ಹಾಗಾದರೆ ಹಿಡಿತವನ್ನು ಹೆಚ್ಚಿಸುವ ಉಪಾಯವೇನು? ಬಲು ಅಗ್ಗವಾದ ಉಪಾಯವು ಟೈರಿನ ಗಾಳಿಯಲ್ಲಿದೆ. ಪೆಟ್ರೋಲ್ ಬಂಕಿನಲ್ಲಿ ಹೇಳುವ 28 ಪೌಂಡು ಗಾಳಿಯೆಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ ಒತ್ತಡ. ಒಂದು ಚಕ್ರದ ಮೇಲೆ 250 ಕಿಲೋಗ್ರಾಂ ಭಾರವಿದ್ದರೆ ಅದು ನೆಲದ ಮೇಲೆ ಊರುವ ಜಾಗ ಸುಮಾರು 125 ಚದರ ಸೆಂಟಿಮೀಟರು. ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಈ ಜಾಗ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಟೈರು ಮಣ್ಣಿನಲ್ಲಿ ಇಳಿಯುವುದು ಕಡಮೆಯಾಗಿ, ಅಪ್ಪಿಹಿಡಿಯುವುದು ಹೆಚ್ಚುತ್ತದೆ. ಇನ್ನೂ ಇಳಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಂಡೀತು. ಡಾಂಬರು ರಸ್ತೆಗೆ ಬಂದೊಡನೆ ಮತ್ತೆ ಗಾಳಿ ತುಂಬಲೇಬೇಕು. ಆದುದರಿಂದ ಜೀಪಿನಲ್ಲಿ ಒಂದು ಕಾಲ್ಪಂಪು ಇರಲಿ.

ಮತ್ತೊಂದು ಉಪಾಯ, ನಾಲ್ಕು ಚಕ್ರಗಳನ್ನೂ ನೆಲ ಬಿಡದಂತೆ ಇರಿಸುವುದು. ತಿರುವಿನಲ್ಲಿ ಹೊರಚಕ್ರವು ಹೆಚ್ಚು ದೂರ ಓಡಬೇಕಾದ್ದರಿಂದ ಅಚ್ಚಿನ ನಡುವೆ ಡಿಫರೆನ್ಷಿಯಲ್ ಇದೆ. ಅದರ ಸ್ವಭಾವವೆಂದರೆ ಎರಡು ಚಕ್ರಗಳಿಗೂ ಸಮನಾದ ತಿರುಗುಬಲವನ್ನು ಹಂಚುವುದು. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದನ್ನು ತಿರುಗಿಸಲು ಬಲವೇ ಬೇಕಿಲ್ಲ. ಜೊತೆಯ ಚಕ್ರಕ್ಕೂ ಅಷ್ಟೇ ದೊರೆಯುತ್ತದೆ, ಎಂದರೆ ಏನೂ ಇಲ್ಲ. ಹೆಚ್ಚು ಭಾರ ಹೊರಲೆಂದು ಸ್ಪ್ರಿಂಗಿಗೆ ಪಟ್ಟಿಯ ಮೇಲೆ ಪಟ್ಟಿ ಸೇರಿಸಿದ ಜೀಪುಗಳು ಸಣ್ಣ ಹಳ್ಳದಲ್ಲಿಯೂ ಚಕ್ರವೆತ್ತಿ ನಿಲ್ಲುವುದು ಇದರಿಂದಲೇ. ಹೆಚ್ಚಿನ ಪಟ್ಟಿಗಳನ್ನು ತೆಗೆದು, ಉಳಿದವುಗಳ ತುಕ್ಕನ್ನು ಕೆರೆದು, ಅವು ಸಲೀಸಾಗಿ ಬಾಗುವಂತೆ ಮಾಡುವುದು ಮನೆಯಲ್ಲಿಯೇ ಆಗುವ ಕೆಲಸ. ಕೆಲವರು ಡಿಫರೆನ್ಷಿಯಲ್ಲಿಗೆ ವೆಲ್ಡಿಂಗು ಹೊಡೆಸಿ ಎರಡು ಚಕ್ರಗಳನ್ನೂ ಬಿಗಿದುಬಿಡುತ್ತಾರೆ. ಕೆಸರಿನಲ್ಲಿ ಅದು ನಡೆದೀತು. ಗಟ್ಟಿ ರಸ್ತೆಯ ತಿರುವಿನಲ್ಲಿ ಟೈರು ಉಜ್ಜಿ ಸವೆಯುತ್ತದೆ, ಅಚ್ಚು ಮುರಿದರೂ ಮುರಿಯಬಹುದು.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆ. ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಹೋಗಿ, ತುಕ್ಕು ತಿಂದ ಕಡೆಗಳನ್ನು ಗುರುತು ಮಾಡಬೇಕು. ಬ್ರೇಕಿನ ಕೊಳವೆಗಳನ್ನೂ ಸ್ಟಿಯರಿಂಗಿನ ಕೀಲುಗಳನ್ನೂ ಹೊಸದಾಗಿಸಬೇಕು. ಬರಿಯ ಜಾಕಿಯನ್ನು ನಂಬಿ ವಾಹನದ ಕೆಳಗೆ ಎಂದಿಗೂ ಮಲಗಬಾರದು. ಚಾಸಿಯ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಇಟ್ಟೇ ಇಳಿಯಬೇಕು. ಕಾನೂನಿನ ಮಾತೂ ಇದೆ: ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಒಪ್ಪುವುದಿಲ್ಲ. ಆದ್ದರಿಂದ ಕೈ ಹಚ್ಚುವ ಮೊದಲು ನೋಂದಣಿ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ನಮ್ಮ ಮಿತ್ರರು ಕೊನೆಗೆ ಎಂಜಿನ್ನನ್ನು ಬದಲಿಸಲಿಲ್ಲ, ಮೈಯನ್ನೂ ಎತ್ತಿಸಲಿಲ್ಲ. ಬ್ರೇಕು, ಸ್ಟಿಯರಿಂಗು, ಚಾಸಿಗಳನ್ನು ಸರಿಪಡಿಸಿ, ಸ್ಪ್ರಿಂಗುಗಳನ್ನು ಸಡಿಲಿಸಿ, ಮೂಲ ಅಳತೆಯವೇ ಆದ, ಆಳವಾದ ಹಲ್ಲುಗಳುಳ್ಳ ನಾಲ್ಕು ಟೈರುಗಳನ್ನು ಹಾಕಿಸಿದರು. ಮರುವರ್ಷದ ಆಷಾಢದಲ್ಲಿ ನಾವು ಅವರ ತೋಟಕ್ಕೆ ಹೋದಾಗ, ಅದೇ ಏರಿನ ಬುಡದಲ್ಲಿ ಅವರು ಜೀಪು ನಿಲ್ಲಿಸಿ ಟೈರುಗಳ ಗಾಳಿಯನ್ನು ಅರ್ಧಕ್ಕಿಳಿಸಿ, ಕೆಳಗೇರು ಹಾಕಿದರು. ತಾಯಿಯವರು ಮುಂದಿನ ಆಸನದಲ್ಲಿ ಕುಳಿತಿದ್ದರು. ಜೀಪು ಎಲ್ಲಿಯೂ ಅವಸರಪಡದೆ, ನಾವು ಪಕ್ಕದಲ್ಲಿ ಕೊಡೆ ಹಿಡಿದು ನಡೆದು ಬರುವಷ್ಟು ಮೆಲ್ಲಗೆ, ಏರನ್ನು ಹತ್ತಿತು.