ಕಾರ್ಬುರೇಟರಿಗೂ ಒಂದು ಅಭ್ಯಂಜನ

ಆಯುಧಪೂಜೆಯ ದಿನ ಕಾರು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಒಂದು ಸುತ್ತು ಹೋಗಿಬರುವ ಪದ್ಧತಿಯನ್ನು ನಾವು ಇಂಗ್ಲೆಂಡಿಗೆ ಬಂದ ಮೇಲೂ ಬಿಟ್ಟಿಲ್ಲ. ಆದರೆ ಉಪಚಾರವೆಲ್ಲ ಹೊರಮೈಗೆ ಮಾತ್ರ. ಬಾನೆಟ್ಟಿನೊಳಗೆ ಕೊಳೆ ಕಟ್ಟಿಕೊಂಡು ಒದ್ದಾಡುವ ಕಾರ್ಬುರೇಟರನ್ನು ಕೇಳುವವರಿಲ್ಲ! ಹಳೆಯ ಮಾರಿಸ್ ಮೈನರನ್ನೋ ಎಂಜಿಬಿಯನ್ನೋ ಪ್ರೀತಿಯಿಂದ ಸಾಕಿಕೊಂಡವರು ನಮ್ಮಲ್ಲೂ ಇದ್ದಾರೆ. ಇಂಜಿನ್ ಕೆಮ್ಮಿ ನಿಂತಾಗ "ಕಾರ್ಬುರೇಟರ್ ಹೋಯಿತು" ಎಂದು ಹೊಸದಕ್ಕೆ ದುಡ್ಡು ಸುರಿಯುವ ಮುನ್ನ ಒಂದು ಮಾತು: ಸಾಮಾನ್ಯವಾಗಿ ಅದು ಸತ್ತಿರುವುದಿಲ್ಲ, ಸ್ನಾನ ಕಾಣದೆ ಸೊರಗಿರುತ್ತದೆ, ಅಷ್ಟೆ.

ಈ ಕಾರುಗಳಲ್ಲಿರುವುದು ಎಸ್‌ಯು ಕಾರ್ಬುರೇಟರ್. ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಪಾದರಕ್ಷೆ ವ್ಯಾಪಾರದ ಮನೆತನದ ಸ್ಕಿನ್ನರ್ ಸೋದರರು 1910ರಲ್ಲಿ ಕಟ್ಟಿದ ಕಂಪನಿ ಅದು. ಚಮ್ಮಾರಿಕೆಯ ನಂಟು ಬಿಡಲಿಲ್ಲವೇನೋ, ಅವರ ಮೊದಲ ಮಾದರಿಗಳಲ್ಲಿ ಚರ್ಮದ ತಿದಿಯೇ ಇತ್ತು! ಆಮೇಲೆ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಕೆಲಸ ಸರಳ. ಇಂಜಿನ್ ಗಾಳಿ ಎಳೆದಷ್ಟೂ ಗಂಟೆಯಾಕಾರದ ಮುಚ್ಚಳದೊಳಗಿನ ಪಿಸ್ಟನ್ ಮೇಲೇರುತ್ತದೆ. ಅದರ ತುದಿಗಿರುವ ಚೂಪಾದ ಸೂಜಿಯೂ ಜೆಟ್ಟಿನಿಂದ ಮೇಲೆ ಬರುತ್ತದೆ. ಗಾಳಿ ಹೆಚ್ಚಿದಂತೆ ಪೆಟ್ರೋಲೂ ಹೆಚ್ಚುತ್ತದೆ. ನಮ್ಮೂರಿನ ಹಳೆಯ ಅಂಬಾಸಿಡರಿನ 1489 ಸಿಸಿ ಇಂಜಿನ್ನೂ ಎಂಜಿಬಿಯ 1798 ಸಿಸಿ ಇಂಜಿನ್ನೂ ಒಂದೇ ಬಿಎಂಸಿ 'ಬಿ ಸೀರೀಸ್' ಕುಲದವು ಎಂದರೆ ಅನೇಕರಿಗೆ ಆಶ್ಚರ್ಯವಾದೀತು.

ಈಚೆಗೆ ಈ ಸ್ನಾನದ ಅಗತ್ಯ ಹೆಚ್ಚಿದೆ. 2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಭಾರತದಲ್ಲಿ ಶೇಕಡಾ 20ರ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಹಾಳುಮಾಡುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಪೆಟ್ರೋಲ್ ಆರಿ ಅಂಟಾಗುತ್ತದೆ, ಲೋಹಕ್ಕೆ ಬಿಳಿ ಕಿಲುಬು ಹಿಡಿಯುತ್ತದೆ. ಹಳೆಯ ಕಾರಿಗೆ ಶೇಕಡಾ 5 ಮೀರದ ಸೂಪರ್ ದರ್ಜೆಯ ಪೆಟ್ರೋಲೇ ಲೇಸು.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಎಚ್ಚರಿಕೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಗ್ಯಾರೇಜಿನಲ್ಲೇ ಬಾಯ್ಲರ್ ಇರುವ ಮನೆಗಳಲ್ಲಿ ಈ ಕೆಲಸವನ್ನು ಹೊರಗೆ, ಬಯಲಲ್ಲೇ ಮಾಡಿ. ಇಂಜಿನ್ ತಣ್ಣಗಿರಲಿ, ಬ್ಯಾಟರಿ ತಂತಿ ಕಳಚಿರಲಿ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಉಳಿದ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ, ಎಲ್ಲಿಗೆ ಒಯ್ಯಬೇಕೆಂದು ಕೌನ್ಸಿಲ್ಲನ್ನು ಕೇಳಿ.

ಬಿಚ್ಚುವ ಪ್ರತಿ ಹಂತದಲ್ಲೂ ಒಂದೊಂದು ಫೋಟೋ ತೆಗೆದುಕೊಳ್ಳಿ. ಎಂಜಿಬಿಯಂತೆ ಎರಡು ಕಾರ್ಬುರೇಟರ್ ಇದ್ದರೆ ಭಾಗಗಳನ್ನು ಎರಡು ತಟ್ಟೆಗಳಲ್ಲಿ ಬೇರೆಬೇರೆ ಇಡಿ. ಪಿಸ್ಟನ್ ಮತ್ತು ಅದರ ಮುಚ್ಚಳ ಹುಟ್ಟುಜೋಡಿ, ಅದಲುಬದಲಾದರೆ ಸಂಸಾರ ಕೆಟ್ಟಂತೆಯೇ! ರಬ್ಬರ್, ಪ್ಲಾಸ್ಟಿಕ್ ಭಾಗಗಳನ್ನು ತೆಗೆದಿಟ್ಟು, ಲೋಹವನ್ನು ಕಾರ್ಬುರೇಟರ್ ಕ್ಲೀನರಿನಿಂದ ಮೆತ್ತನೆಯ ಬ್ರಷ್ಷಿನಲ್ಲಿ ತೊಳೆಯಿರಿ. ಹಿತ್ತಾಳೆ ಪಾತ್ರೆ ಬೆಳಗಿದಂತೆ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೋಗಬೇಡಿ. ಮೈಯೆಲ್ಲ ಅಲ್ಯುಮಿನಿಯಂ ಮಿಶ್ರಲೋಹ, ಹುಳಿ ಅದನ್ನು ತಿನ್ನುತ್ತದೆ. ಜೆಟ್ಟಿನ ತೂತಿಗೆ ತಂತಿ ಚುಚ್ಚಲೇಬಾರದು. ಕೂದಲೆಳೆಯಷ್ಟು ಗೀಚಿದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಸೈಕಲ್ ಪಂಪಿನ ಗಾಳಿ ಸಾಕು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ: ಒಳಗೆ ಪೆಟ್ರೋಲ್ ಕುಲುಕಿದರೆ ಅದನ್ನು ಬದಲಿಸಬೇಕು. ಗ್ಯಾಸ್ಕೆಟ್, ಫ್ಲೋಟ್ ವಾಲ್ವ್ ಹೊಸದನ್ನೇ ಹಾಕಿ. ಎಸ್‌ಯು ಬಿಡಿಭಾಗಗಳು ಇಂದಿಗೂ ತಯಾರಾಗುತ್ತಿವೆ.

ಜೋಡಿಸುವಾಗ ಪಿಸ್ಟನ್ನಿನ ಹೊರಮೈಗೆ ಎಣ್ಣೆ ಬೇಡ, ಅದು ಒಣಗಿರಬೇಕು. ಎಣ್ಣೆ ಹಾಕಬೇಕಾದದ್ದು ಮೇಲಿನ ಡ್ಯಾಂಪರಿನ ಕೊಳವೆಗೆ, 20 ಗ್ರೇಡಿನ ಇಂಜಿನ್ ಆಯಿಲ್. ಎಚ್‌ಎಸ್ ಮಾದರಿಯಲ್ಲಿ ಜೆಟ್ಟನ್ನು ಮೇಲಿನ ಸೇತುವೆಯ ಮಟ್ಟಕ್ಕೆ ತಂದು, ಕೆಳಗಿನ ನಟ್ಟನ್ನು 12 ಮುಖ, ಅಂದರೆ ಎರಡು ಪೂರ್ತಿ ಸುತ್ತು ಇಳಿಸಿದರೆ ಆರಂಭಕ್ಕೆ ಸರಿ. ಇಂಜಿನ್ ಬಿಸಿಯಾದ ಮೇಲೆ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ನೋಡಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ, ನಟ್ಟನ್ನು ಒಂದು ಮುಖ ಮೇಲೇರಿಸಿ. ಇಂಜಿನ್ ಆರಿದರೆ ಕಡಿಮೆಯಾಗಿದೆ, ಒಂದು ಮುಖ ಇಳಿಸಿ. ಕ್ಷಣಮಾತ್ರ ಏರಿ ಮೊದಲಿನಂತಾದರೆ ಹದ ಸರಿಯಾಗಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಮನೆಯ ಕೆಲಸಕ್ಕೂ ಒಂದು ಎಲ್ಲೆ ಇದೆ. ಥ್ರಾಟಲ್ ಕಡ್ಡಿಯನ್ನು ಹಿಡಿದು ಅಲ್ಲಾಡಿಸಿದಾಗ ಗಡಗಡ ಎಂದರೆ ಅದು ಸವೆದಿದೆ. ಸಂದಿನಿಂದ ಗಾಳಿ ನುಗ್ಗುತ್ತಿರುತ್ತದೆ. ಎಷ್ಟು ತೊಳೆದರೂ ಆ ಇಂಜಿನ್ ನೆಟ್ಟಗೆ ನಿಲ್ಲದು. ಆ ರಿಪೇರಿಯನ್ನು ಲೇತ್ ಇರುವ ನುರಿತವರಿಗೆ ಬಿಡುವುದೇ ಜಾಣತನ.

ಚಳಿಗಾಲಕ್ಕೆ ಕಾರು ಮುಚ್ಚಿಡುವ ಈ ದಿನಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ತೊಳೆಯುವಾಗ ಮಕ್ಕಳು ದೂರವಿರಲಿ. ಎಲ್ಲ ಒಣಗಿದ ಮೇಲೆ ಕರೆದು, ಪಿಸ್ಟನ್ನನ್ನು ಅವರ ಬೆರಳಿನಿಂದಲೇ ಎತ್ತಿ ಬಿಡಿಸಿ. ಅದು ತಡೆಯಿಲ್ಲದೆ ಇಳಿದು 'ಟಕ್' ಎಂದರೆ ನಿಮ್ಮ ಅಭ್ಯಂಜನ ಸಾರ್ಥಕವಾಯಿತೆಂದೇ ಅರ್ಥ.